ಸೊಸೆಯ ಹೆಸರಲ್ಲಿ ಹೋದ ರಕ್ತ

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ಕಾರ್ಖಾನೆಯಲ್ಲಿ ಮಾಲೀಕನಿಂದ ಹಿಡಿದು ಗಾಡಿ ಓಡಿಸುವವನವರೆಗೆ ಎಲ್ಲರೂ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತೇಳು. ಅದರಲ್ಲಿ ಇಪ್ಪತ್ತಾರು ವರ್ಷ ಆವಿಯ ಪ್ರೆಸ್ಸಿನ ಮುಂದೆಯೇ ಕಳೆದಿತ್ತು. ಕಾಲರಿನ ಮೇಲೆ ಒಮ್ಮೆ ಬೆರಳಾಡಿಸಿದರೆ ಸಾಕು, ಗಂಜಿ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಹೇಳಿಬಿಡುತ್ತಿದ್ದಳು. ಗಂಡ ತೀರಿಕೊಂಡ ಮೂರನೆಯ ವಾರಕ್ಕೇ ಕೆಲಸಕ್ಕೆ ಬಂದು ನಿಂತವಳು. ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ, ನಾಲಿಗೆಯನ್ನಂತೂ ತಗ್ಗಿಸಿದವಳೇ ಅಲ್ಲ. "ದೊಡ್ಡಮ್ಮನ ಬಾಯಿಗೆ ಸಿಗೋದಕ್ಕಿಂತ ಪ್ರೆಸ್ಸಿನೊಳಗೆ ಕೈ ಇಡೋದು ವಾಸಿ, ಸುಟ್ಟ ಗಾಯ ವಾರದಲ್ಲಿ ಮಾಯುತ್ತೆ" ಎಂದು ಗುಂಡಿ ಹೊಲಿಯುವ ಹೆಂಗಸು ಹೇಳುತ್ತಿದ್ದಳು. ಅವಳ ಹೆಸರೂ ಅಲ್ಲಿ ಗುಂಡಿ ಎಂದೇ ಆಗಿಹೋಗಿತ್ತು.

ಅಂಥ ದೊಡ್ಡಮ್ಮ ಮಾತು ಕಡಿಮೆ ಮಾಡಿ ಐದಾರು ತಿಂಗಳಾಗಿತ್ತು. ಕೇಳಿದವರಿಗೆಲ್ಲ ಗಂಟಲು ಕಟ್ಟಿದೆ ಎಂದು ಕೈಸನ್ನೆ ಮಾಡುತ್ತಿದ್ದಳು. ಬಿಸಿ ಆವಿಯಲ್ಲಿ ನಿಂತು ತಣ್ಣನೆಯ ಗಾಳಿಗೆ ಹೊರಬರುವವರಿಗೆ ಗಂಟಲು ಕಟ್ಟುವುದು ಹೊಸತೇನಲ್ಲವಾದ್ದರಿಂದ ಯಾರೂ ಕೆದಕಲಿಲ್ಲ.

ಕಟ್ಟಿದ್ದು ಗಂಟಲಲ್ಲ ಎಂದು ಅವಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಗದ್ದದ ಮೇಲೆ ಮೂರು ಒರಟು ಕೂದಲು ಕಂಡಿದ್ದವು. ಮುಟ್ಟು ನಿಂತ ಹೆಂಗಸರಿಗೆ ಒಂದೆರಡು ಬರುತ್ತವೆ ಎಂದುಕೊಂಡು ಚಿಮುಟದಲ್ಲಿ ಕಿತ್ತು ಸುಮ್ಮನಾಗಿದ್ದಳು. ಆದರೆ ಕಳೆದ ಎಂಟೊಂಬತ್ತು ತಿಂಗಳಲ್ಲಿ ಕಟ್ಟೆಯೊಡೆದಂತಾಯಿತು. ಗದ್ದ, ಕೆನ್ನೆಯ ಅಂಚು, ಮೇಲ್ದುಟಿ, ಎಲ್ಲ ಕಡೆ ಕಪ್ಪು ಮೊಳಕೆ. ಚಿಮುಟ ಸೋತಿತು. ಮೂರು ಬೀದಿ ದಾಟಿ, ಗುರುತಿಲ್ಲದ ಅಂಗಡಿಗೆ ಹೋಗಿ, "ಮಗನಿಗೆ" ಎಂದು ಸುಳ್ಳು ಹೇಳಿ ರೇಜರು ತಂದಳು. ಮುಖದಲ್ಲಿ ಹೀಗೆ ಬೆಳೆ ಬಂದರೆ ನೆತ್ತಿಯಲ್ಲಿ ಬರ. ಬಾಚಣಿಗೆ ಇಟ್ಟರೆ ಹಿಡಿ ಹಿಡಿ ಕೂದಲು. ಮನೆಯೊಳಗೂ ತಲೆಗೆ ಸ್ಕಾರ್ಫ್ ಕಟ್ಟತೊಡಗಿದಳು. ದನಿ ದಿನದಿನಕ್ಕೂ ಬಾವಿಯೊಳಕ್ಕೆ ಇಳಿಯುತ್ತಿತ್ತು. ಸೊಂಟದ ಕೆಳಗಿನ ಇನ್ನೊಂದು ಬದಲಾವಣೆ ಸ್ನಾನ ಮಾಡುವಾಗ ಕೈಗೆ ತಾಕಿತ್ತು. ಅದನ್ನು ತನಗೆ ತಾನೇ ಹೇಳಿಕೊಳ್ಳಲೂ ಅವಳಿಗೆ ಬಾಯಿ ಬರಲಿಲ್ಲ.

ಬೆಳಗ್ಗೆ ಐದೂವರೆಗೆ ಎದ್ದು ಬಚ್ಚಲುಮನೆ ಸೇರಿ ಚಿಲಕ ಹಾಕುವುದು, ಕೆರೆಯುವ ಸದ್ದು ಹೊರಗೆ ಹೋಗದಂತೆ ನಲ್ಲಿಯನ್ನು ಪೂರ್ತಿ ತಿರುಗಿಸುವುದು, ಮೇಲೆ ದಪ್ಪಗೆ ಪೌಡರು. ಕೆಲಸಕ್ಕೆ ಹೋದಮೇಲೆ ಇನ್ನೊಂದು ಪಾಡು. ಪ್ರೆಸ್ಸಿನ ಪೆಡಲು ಒತ್ತಿದಾಗಲೆಲ್ಲ ಆವಿ ಭುಸ್ಸೆಂದು ಮುಖಕ್ಕೇ ಬಡಿಯುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ಪೌಡರೆಲ್ಲ ಬೆವರಿನ ಜೊತೆ ಇಳಿದಿರುತ್ತದೆ. ಗಂಟೆಗೊಮ್ಮೆ ಹೊಟ್ಟೆ ಸರಿಯಿಲ್ಲವೆಂದು ಪಾಯಿಖಾನೆಗೆ ಓಡಿ ಮುಖಕ್ಕೆ ಬಳಿದುಕೊಂಡು ಬರುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಒಂದು ಬಟ್ಟೆಯನ್ನೂ ಸುಡದವಳು ಆ ತಿಂಗಳು ಎರಡು ಬಿಳಿ ಕೋಟುಗಳ ತೋಳು ಸುಟ್ಟಳು.

ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ ಎಂದು ಕೇಳಬಹುದು. ಹೋಗಿ ಏನೆನ್ನುವುದು? ನಾನು ಗಂಡಸಾಗುತ್ತಿದ್ದೇನೆ ಎನ್ನುವುದೇ? ಆ ಮಾತು ಬಾಯಿಂದ ಹೊರಟರೆ ನಿಜವಾಗಿಬಿಡುತ್ತದೆ ಎಂಬ ಭಯ. ಅದಕ್ಕಿಂತ ದೊಡ್ಡ ಮುಳ್ಳು ಇನ್ನೊಂದಿತ್ತು. ಇಂಥದ್ದನ್ನೆಲ್ಲ ತಿಳಿದವರು ಬೇರೆಲ್ಲೋ ಇರಲಿಲ್ಲ, ಅವಳ ಮನೆಯಲ್ಲೇ ಇದ್ದರು. ಆದರೆ ಆ ಒಬ್ಬಳ ಮುಂದೆ ಮಾತ್ರ ಅವಳು ಬಾಯಿ ತೆರೆಯುವಂತಿರಲಿಲ್ಲ.

ಸೊಸೆಗೆ ಮೂವತ್ತೊಂದು ವರ್ಷ. ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸ. ಅವಳು ಸೂಜಿ ಹಾಕಿದರೆ ಮಕ್ಕಳೂ ಅಳುವುದಿಲ್ಲ ಎಂಬ ಹೆಸರಿತ್ತು. ಆದರೆ ಅವಳ ಸ್ವಂತ ದೇಹ ಹದಿನಾರರಿಂದಲೂ ಅವಳ ಮಾತು ಕೇಳಿದ್ದಿಲ್ಲ. ಪಿಸಿಓಡಿ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ತಿಂಗಳು ತಪ್ಪಿ ಬರುವ ಮುಟ್ಟು, ಕಿವಿಯ ಪಕ್ಕ ಮತ್ತು ಗದ್ದದ ಕೆಳಗೆ ಕೂದಲು, ಹದಿನೈದು ದಿನಕ್ಕೊಮ್ಮೆ ದಾರ ಹಿಡಿದು ಕೀಳುವ ನೋವು, ಜೊತೆಗೆ ಮಾತ್ರೆಗಳು. ಮದುವೆಯಾಗಿ ಎರಡು ವರ್ಷವಾದರೂ ಮಗುವಾಗದಿದ್ದಾಗ ಒಂದು ದಿನ ನೆಂಟರು ಮನೆತುಂಬ ಕೂತಿದ್ದರು. ಸೊಸೆ ಚಹಾದ ಲೋಟಗಳನ್ನು ಹಿಡಿದು ಬಂದಳು. ದೊಡ್ಡಮ್ಮ ಅವಳ ಗದ್ದದ ಕಡೆ ಕಣ್ಣು ಹಾಯಿಸಿ, "ಮಗನಿಗೆ ಹೆಣ್ಣು ತಂದೆ ಅಂದ್ಕೊಂಡಿದ್ದೆ, ನೋಡಿದ್ರೆ ಗಂಡನ್ನೇ ತಂದಿದ್ದೀನಿ" ಎಂದಳು.

ಎಲ್ಲರೂ ಗೊಳ್ಳೆಂದು ನಕ್ಕರು. ಮಗ ಮನೆಯಲ್ಲಿರಲಿಲ್ಲ. ಸೊಸೆ ಲೋಟಗಳನ್ನು ಒಂದೊಂದಾಗಿ ಎಲ್ಲರ ಕೈಗೂ ಕೊಟ್ಟು, ತಟ್ಟೆ ಹಿಡಿದು ಒಳಗೆ ಹೋದಳು. ಅಂದಿನಿಂದ ನಾಲ್ಕು ವರ್ಷ ಅವಳು ಅತ್ತೆಯ ಜೊತೆ ಜಗಳವಾಡಲಿಲ್ಲ, ನಗಲೂ ಇಲ್ಲ. ಮಾತನ್ನು ಔಷಧಿಯ ಹಾಗೆ ಅಳೆದು ಹಾಕುತ್ತಿದ್ದಳು.

ಒಂದು ಶನಿವಾರ ಸಂಜೆ ಮೂವರೂ ಊಟಕ್ಕೆ ಕೂತಿದ್ದರು. ಮಗ ಲಿಫ್ಟ್ ರಿಪೇರಿ ಮಾಡುವವನು, ಕೆಲಸದ ಕಥೆಯನ್ನು ತಟ್ಟೆಗೆ ಬಡಿಸಿಕೊಂಡೇ ಊಟ ಮಾಡುವ ಸ್ವಭಾವ. ಆ ದಿನ ಕೆಟ್ಟ ಲಿಫ್ಟಿನ ಮಾಲೀಕ ಹಾಗೆ ಮಾಡಿದ್ದರೆ ಹೀಗಾಗುತ್ತಿರಲಿಲ್ಲ, ಹೀಗೆ ಮಾಡಿದ್ದರೆ ಹಾಗಾಗುತ್ತಿರಲಿಲ್ಲ ಎಂದು ಒಂದು ಗಂಟೆ ಕೊರೆದನಂತೆ.

"ನಾನಂದೆ, ಸಾರ್, ಈ 'ಇದ್ರೆ-ಗಿದ್ರೆ' ಎಲ್ಲ ಬಿಡಿ. ಅತ್ತೆಗೆ ಮೀಸೆ ಬಂದಿದ್ರೆ ಮಾವ ಅಂತ ಕರೀಬಹುದಿತ್ತು!"

ಹೇಳಿ ತಾನೇ ನಕ್ಕ. ದೊಡ್ಡಮ್ಮನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಮರುಕ್ಷಣವೇ ಅದೇ ಕೈ ಯಾರೋ ಎಳೆದಂತೆ ಮೇಲ್ದುಟಿಗೆ ಹೋಗಿ ಮುಚ್ಚಿಕೊಂಡಿತು. ಎದುರಿಗೆ ಕೂತ ಸೊಸೆ ನಕ್ಕಿರಲಿಲ್ಲ. ಅವಳ ಕಣ್ಣು ಅತ್ತೆಯ ಬೆರಳುಗಳ ಮೇಲಿತ್ತು, ಅಲ್ಲಿಂದ ಸ್ಕಾರ್ಫಿಗೆ ಹೋಯಿತು, ಸ್ಕಾರ್ಫಿನಿಂದ ಕುತ್ತಿಗೆಗೆ ಇಳಿಯಿತು. ರಕ್ತನಾಳ ಹುಡುಕುವವರು ತೋಳನ್ನು ನೋಡುವ ನೋಟ ಅದು. ದೊಡ್ಡಮ್ಮ ತಟ್ಟೆ ಬಿಟ್ಟು ಎದ್ದಳು.

ಮರುದಿನ ರಜೆ. ಮಗ ತುರ್ತು ಕರೆ ಬಂದು ಬೆಳಕು ಹರಿಯುವ ಮೊದಲೇ ಹೋಗಿದ್ದ. ದೊಡ್ಡಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಟು ರೇಜರು ಹಿಡಿದಿದ್ದಾಗ ಬಾಗಿಲು ಬಡಿದ ಸದ್ದಾಯಿತು.

"ಅತ್ತೆ, ಬಾಗಿಲು ತೆಗೀರಿ."

"ಸ್ನಾನ ಮಾಡ್ತಿದ್ದೀನಿ."

"ನಲ್ಲಿ ಬಿಟ್ಕೊಂಡು ಕೆರ್ಕೋತಿದ್ದೀರ. ನೀರಿನ ಸದ್ದಿಗೂ ಬ್ಲೇಡಿನ ಸದ್ದಿಗೂ ವ್ಯತ್ಯಾಸ ನಂಗೆ ಗೊತ್ತು. ತೆಗೀರಿ."

ಕೈ ಜಾರಿತು. ಗದ್ದದ ಮೇಲೆ ಚುರ್ ಎಂದಿತು. ಕನ್ನಡಿಯಲ್ಲಿ ಅರ್ಧ ನೊರೆ, ಅರ್ಧ ರಕ್ತ. ಅವಿತುಕೊಳ್ಳಲು ಆ ನಾಲ್ಕಡಿ ಬಚ್ಚಲಲ್ಲಿ ಇನ್ನು ಜಾಗವಿರಲಿಲ್ಲ. ಚಿಲಕ ತೆಗೆದಳು.

"ನೋಡು" ಎಂದಳು ಆ ಹೊಸ ದಪ್ಪ ದನಿಯಲ್ಲಿ. "ಕಣ್ಣು ತುಂಬ ನೋಡ್ಕೋ. ನಗು. ನಗೋಕೆ ನಿಂಗಿಂತ ಹಕ್ಕು ಇನ್ಯಾರಿಗಿದೆ?"

ಸೊಸೆ ಟವೆಲಿನ ಅಂಚನ್ನು ನೀರಿಗದ್ದಿ ಗಾಯದ ಮೇಲೆ ಒತ್ತಿ ಹಿಡಿದಳು. "ನಂಗೆ ನಗು ಬರ್ತಿಲ್ಲ ಅತ್ತೆ. ಭಯ ಆಗ್ತಿದೆ. ಎಷ್ಟು ದಿನದಿಂದ?"

"ನಿಂಗೂ ಇದೆಯಲ್ಲ. ಅದೇ ಇರ್ಬೇಕು ಬಿಡು."

"ನಂದು ಹದಿನೈದು ವರ್ಷದಿಂದ ಆಮೆ ಹೆಜ್ಜೆ ಹಾಕ್ಕೊಂಡು ಬಂದಿದ್ದು. ನನ್ನ ದನಿ ಒಡೆದಿಲ್ಲ, ನೆತ್ತಿ ಬೋಳಾಗಿಲ್ಲ. ಮುಟ್ಟು ನಿಂತು ಏಳೆಂಟು ವರ್ಷ ಆದ್ಮೇಲೆ ಹೀಗೆ ಓಡ್ಕೊಂಡು ಬರೋದು ಬೇರೆ. ನಿಮ್ಮ ಒಳಗೆ ಏನೋ ಒಂದು ಗಂಡಸರ ಹಾರ್ಮೋನನ್ನ ಸುರೀತಾ ಕೂತಿದೆ. ಅದು ಏನು, ಎಲ್ಲಿದೆ ಅಂತ ನೋಡ್ಬೇಕು." ಟವೆಲನ್ನು ಹಿಂಡಿ ಮತ್ತೆ ಒತ್ತುತ್ತ, "ಗಡ್ಡೆನೂ ಇರ್ಬಹುದು" ಎಂದಳು.

ದೊಡ್ಡಮ್ಮ ಬಕೆಟ್ಟಿನ ಅಂಚು ಹಿಡಿದು ಕೂತಳು. ಗಂಡಸಾಗುತ್ತೇನೆ ಎಂಬ ಭಯದ ಜೊತೆ ಸಾಯುತ್ತೇನೆ ಎಂಬ ಭಯವೂ ಸೇರಿಕೊಂಡಿತು. ವಿಚಿತ್ರವೆಂದರೆ ಎರಡನೆಯದು ಸ್ವಲ್ಪ ಹಗುರ ಎನಿಸಿತು. ಅದಕ್ಕೆ ಯಾರೂ ನಗುವುದಿಲ್ಲ.

ಊಟದ ಮೇಜಿನ ಮೇಲೆಯೇ ಸೊಸೆ ರಕ್ತ ತೆಗೆದಳು. ತೋಳಿಗೆ ಪಟ್ಟಿ ಕಟ್ಟಿ, ಬೆರಳಲ್ಲಿ ತಡವಿ, ಸೂಜಿ ಹಾಕಿದ್ದು ನಿಜಕ್ಕೂ ಗೊತ್ತಾಗಲಿಲ್ಲ. ಕೊಳವೆಯೊಳಗೆ ರಕ್ತ ದಟ್ಟವಾಗಿ, ಕಪ್ಪಗೆ ಏರಿತು. ಸೊಸೆ ಅದನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದಳು. ಹೆಸರಿನ ಚೀಟಿ ಬರೆಯಲು ಪೆನ್ನು ತೆಗೆದಾಗ ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದಳು.

"ನನ್ನ ಹೆಸರು ಬರೀಬೇಡ. ನಿಮ್ಮ ಲ್ಯಾಬಿನ ಕೋಟುಗಳೆಲ್ಲ ಸೋಮವಾರ ನನ್ನ ಕೈಗೇ ಬರೋದು. ನಿಮ್ಮ ಗಾಡಿಯವನು, ಕೌಂಟರಿನವಳು, ಎಲ್ಲ ನನ್ನ ಬಲ್ಲವರೇ. ಇದು ಬೆಳಗ್ಗೆ ಹೋದ್ರೆ ಮಧ್ಯಾಹ್ನಕ್ಕೆ ಇಸ್ತ್ರಿ ಆಗಿ ಊರೆಲ್ಲ ಹಂಚಿಹೋಗಿರುತ್ತೆ."

"ಹೆಸರಿಲ್ಲದೆ ತಗೊಳ್ಳಲ್ಲ ಅತ್ತೆ."

"ಹಾಗಾದ್ರೆ ಬೇಡ. ಚೆಲ್ಲಿಬಿಡು." ಅವಳ ಕಣ್ಣಲ್ಲಿ ನೀರಿತ್ತು. "ಮಗನಿಗೂ ಹೇಳಲ್ಲ ಅಂತ ಮಾತು ಕೊಡು. ನನ್ನ ಮೇಲೆ ಆಣೆ ಇಡು."

"ಆಯ್ತು, ಹೇಳಲ್ಲ" ಎಂದು ಸೊಸೆ ಅತ್ತೆಯ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಳು. ಆಮೇಲೆ ಚೀಟಿಯ ಮೇಲೆ ತನ್ನ ಹೆಸರು ಬರೆದಳು. ಆರು ತಿಂಗಳಿಗೊಮ್ಮೆ ಅವಳ ಹಾರ್ಮೋನಿನ ಪರೀಕ್ಷೆ ಅಲ್ಲಿ ಆಗುತ್ತಲೇ ಇತ್ತು. ಇನ್ನೊಂದು ಹೋದರೆ ಯಾರೂ ಹುಬ್ಬೇರಿಸುವುದಿಲ್ಲ. ಫಲಿತಾಂಶ ಪರದೆಯ ಮೇಲೆ ಬಂದಾಗ ತಾನೇ ಮೊದಲು ನೋಡಿಬಿಡುತ್ತೇನೆ ಎಂದು ಲೆಕ್ಕ ಹಾಕಿದಳು.

ಲೆಕ್ಕ ತಪ್ಪಿತು. ಬುಧವಾರ ಮಧ್ಯಾಹ್ನ ನಾಲ್ಕು ಗಂಟೆಗೆ ದೊಡ್ಡಮ್ಮ ಕೆಲಸದಿಂದ ಬಂದು ಒಣಗಿದ ಬಟ್ಟೆ ಮಡಚುತ್ತಿದ್ದಳು. ಸೊಸೆಯೂ ಬೆಳಗಿನ ಪಾಳಿ ಮುಗಿಸಿ ಬಂದು ತರಕಾರಿ ಹೆಚ್ಚುತ್ತಿದ್ದಳು. ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಇಬ್ಬರೂ ತಿರುಗಿದರು. ಮಗ ನಿಂತಿದ್ದ. ಕೈಯಲ್ಲಿ ಇನ್ನೂ ಗ್ರೀಸು, ಮುಖದಲ್ಲಿ ರಕ್ತವಿಲ್ಲ.

"ನಿಮ್ಮ ಲ್ಯಾಬಿನ ಡಾಕ್ಟರು ಫೋನ್ ಮಾಡಿದ್ರು" ಎಂದ ಹೆಂಡತಿಗೆ. "ನಿನ್ನ ಫೋನು ಹತ್ತಲಿಲ್ಲವಂತೆ, ಕಾರ್ಡಲ್ಲಿ ನನ್ನ ನಂಬರಿತ್ತಂತೆ. ನಿನ್ನ ರಕ್ತದಲ್ಲಿ ಏನೋ ಗಂಡಸರಿಗಿರೋಷ್ಟು ಇದೆಯಂತೆ. ಹೋದ ಸಲಕ್ಕಿಂತ ಎಂಟು ಪಟ್ಟು. ಇವತ್ತೇ ಕರ್ಕೊಂಡು ಬನ್ನಿ, ಹೊಟ್ಟೆ ಸ್ಕ್ಯಾನ್ ಆಗ್ಬೇಕು, ತಡ ಮಾಡ್ಬೇಡಿ ಅಂದ್ರು. ಏನಿದು? ಯಾವಾಗಿಂದ?"

ಸೊಸೆಯ ಚಾಕು ನಿಂತಿತು. ಅವಳು ಅತ್ತೆಯ ಕಡೆ ನೋಡಿದಳು. ಒಂದೇ ಒಂದು ಸಲ. ಆಮೇಲೆ ತಲೆ ತಗ್ಗಿಸಿ, "ಆಮೇಲೆ ಹೇಳ್ತೀನಿ" ಎಂದಳು.

"ಆಮೇಲೆ ಅಂದ್ರೆ ಯಾವಾಗ? ಗಡ್ಡೆ ಇರ್ಬಹುದು ಅಂದ್ರು ಕಣೇ ಅವರು! ನೀನು ಲ್ಯಾಬಲ್ಲೇ ಇರೋಳು, ನಿಂಗೆ ಗೊತ್ತಾಗದೇ ಇರುತ್ತಾ? ಮುಚ್ಚಿಟ್ಟಿದ್ದೀಯ. ನಾನೇನು ಪರಕೀಯನಾ?"

"ದಯವಿಟ್ಟು ಸ್ವಲ್ಪ ಸುಮ್ಮನಿರಿ."

"ಆರು ವರ್ಷದಿಂದ ಸುಮ್ಮನೇ ಇದ್ದೀನಿ! ಡಾಕ್ಟರ ಹತ್ರ ಒಬ್ಬಳೇ ಹೋಗ್ತೀಯ, ಒಬ್ಬಳೇ ಬರ್ತೀಯ. ಏನಾಯ್ತು ಅಂದ್ರೆ ಏನಿಲ್ಲ ಅಂತೀಯ. ಈಗ ಸಾಯೋಕೂ ಒಬ್ಬಳೇ ಹೋಗ್ತೀಯಾ?"  ಗ್ರೀಸಿನ ಕೈಯಲ್ಲೇ ಕಣ್ಣೊರೆಸಿಕೊಂಡ. ಕೆನ್ನೆಯ ಮೇಲೆ ಕಪ್ಪು ಗೀರು ಎದ್ದಿತು. "ಅಮ್ಮಾ, ನೀನಾದ್ರೂ ಕೇಳು ಇವಳನ್ನ!"

ದೊಡ್ಡಮ್ಮನ ಕೈಯಲ್ಲಿ ಅವನದೇ ಅಂಗಿಯಿತ್ತು. ಅದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.  ಸೊಸೆ ಹೇಳಿಬಿಡಬಹುದಿತ್ತು, ಎರಡೇ ಮಾತು: 'ಅದು ನನ್ನದಲ್ಲ.' ಹೇಳಲಿಲ್ಲ. ಗಂಡ ಎದುರಿಗೆ ಅಳುತ್ತಿದ್ದರೂ, ಕೊಟ್ಟ ಮಾತನ್ನು ಹಲ್ಲು ಕಚ್ಚಿ ಹಿಡಿದಿದ್ದಳು. ಅದೂ ಯಾರಿಗೆ ಕೊಟ್ಟ ಮಾತು! ನೆಂಟರ ಮುಂದೆ ತನ್ನ ಮಾನ ಕಳೆದವಳಿಗೆ. 

ದೊಡ್ಡಮ್ಮ ಅಂಗಿಯನ್ನು ಕೆಳಗಿಟ್ಟಳು. ಅಡುಗೆಮನೆಯ ತೊಟ್ಟಿಗೆ ಹೋಗಿ ನಲ್ಲಿ ತಿರುಗಿಸಿ, ಪಾತ್ರೆ ತೊಳೆಯುವ ಸೋಪನ್ನೇ ಕೈಗೆ ಹಚ್ಚಿ ಮುಖ ಉಜ್ಜಿದಳು. ಬಿಳಿ ನೀರು ಹರಿದುಹೋಯಿತು. ಸ್ಕಾರ್ಫನ್ನು ಎಳೆದು ಅದರಲ್ಲೇ ಮುಖ ಒರೆಸಿಕೊಂಡು ಮಗನ ಮುಂದೆ, ಕಿಟಕಿಯ ಬಿಸಿಲಿಗೆ ಎದುರಾಗಿ ನಿಂತಳು.

"ಆ ರಕ್ತ ಅವಳದ್ದಲ್ಲ. ನಂದು."

ಮಗ ನೋಡಿದ. ಬೆಳಗ್ಗೆ ಕೆರೆದಿದ್ದ ಗದ್ದದ ಮೇಲೆ ಸಂಜೆಯ ಹೊತ್ತಿಗೆ ಮೂಡಿದ ಕಪ್ಪು ಛಾಯೆ, ಮೇಲ್ದುಟಿಯ ಮೇಲಿನ ಗೆರೆ, ನೆತ್ತಿಯಲ್ಲಿ ಹೊಳೆಯುವ ಚರ್ಮ. 

"ನಾನೇ ಬೇಡ ಅಂದೆ. ನಾಚಿಕೆಗೆ ಅಂಜಿ ಅವಳ ಹೆಸರಲ್ಲಿ ಕಳಿಸಿದೆ. ಬೈಯೋದಿದ್ರೆ ನಂಗೆ ಬೈಯಿ."

ಮಗ ಬೈಯಲಿಲ್ಲ. ಕುರ್ಚಿ ಎಳೆದು ಕೂತು, "ಶನಿವಾರ ನಾನು ಆ ಗಾದೆ..." ಎಂದವನು ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಸೊಸೆ ಚಾಕು ತೊಳೆದು, ಒರೆಸಿ, ಅದರ ಜಾಗದಲ್ಲಿಟ್ಟು, "ಬಟ್ಟೆ ಬದಲಾಯಿಸ್ಕೊಳ್ಳಿ ಅತ್ತೆ. ಐದೂವರೆವರೆಗೆ ಸ್ಕ್ಯಾನಿಂಗ್ ತೆರೆದಿರುತ್ತೆ" ಎಂದಳು.

ಮೊದಲ ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಏನೂ ಕಾಣಲಿಲ್ಲ. ಮೂತ್ರಪಿಂಡದ ಮೇಲಿನ ಗ್ರಂಥಿಗಳಿಂದಲೂ ಈ ಹಾರ್ಮೋನು ಬರಬಹುದೆಂದು ಇನ್ನಷ್ಟು ರಕ್ತ, ಇನ್ನೊಂದು ದೊಡ್ಡ ಯಂತ್ರ. ಕೊನೆಗೆ ಎಡಗಡೆಯ ಅಂಡಾಶಯದೊಳಗೆ ದ್ರಾಕ್ಷಿಯಷ್ಟು ಗಾತ್ರದ ಗಟ್ಟಿ ಗಂಟೊಂದು ಸಿಕ್ಕಿತು. ಸ್ತ್ರೀರೋಗದ ಡಾಕ್ಟರು ನೆರೆಗೂದಲಿನ, ನಿಧಾನ ಮಾತಿನ ಹೆಂಗಸು. ಚಿತ್ರವನ್ನು ದೀಪಕ್ಕೆ ಹಿಡಿದು ಬೆರಳಿಟ್ಟು ತೋರಿಸಿದರು.

"ಹೆಂಗಸರ ಅಂಡಾಶಯದಲ್ಲೂ ಗಂಡಸರ ಹಾರ್ಮೋನು ಸ್ವಲ್ಪ ತಯಾರಾಗುತ್ತೆ ಅಮ್ಮ, ಎಲ್ಲರಲ್ಲೂ. ಈ ಗಂಟು ಅದನ್ನ ಹೇಳೋರು ಕೇಳೋರು ಇಲ್ಲದೆ ಮಾಡ್ತಿದೆ. ನೀವು ಗಂಡಸಾಗ್ತಿಲ್ಲ. ಕಾಯಿಲೆ ಬಿದ್ದಿದ್ದೀರ, ಅಷ್ಟೇ. ಎರಡೂ ಅಂಡಾಶಯ ತೆಗೆದುಬಿಡೋಣ."

"ಕ್ಯಾನ್ಸರಾ?"

"ಈ ಥರದವು ಹೆಚ್ಚಿನವು ಸಾಧು, ಹರಡಲ್ಲ. ಆದ್ರೆ ತೆಗೆದು ನೋಡೋವರೆಗೆ ಮಾತು ಕೊಡಲಾರೆ."

ಇತ್ತ ಸೊಸೆ ಗುರುವಾರವೇ ಲ್ಯಾಬಿಗೆ ಹೋಗಿ ತಾನು ಮಾಡಿದ್ದನ್ನು ಒಪ್ಪಿಕೊಂಡಿದ್ದಳು. ಮನೆಗೆ ಬಂದಾಗ ಮೈಮೇಲೆ ಲ್ಯಾಬಿನ ಬಿಳಿ ಕೋಟು ಇರಲಿಲ್ಲ.

"ಏನಂದ್ರು?" ದೊಡ್ಡಮ್ಮ ಕೇಳಿದಳು.

"ಹೆಸರು ತಪ್ಪಿದ ಒಂದು ಕೊಳವೆ ಒಂದು ಜೀವ ತೆಗೀಬಹುದು ಅಂತ ಹೊಸಬರಿಗೆ ಪಾಠ ಮಾಡೋಳು ನೀನೇ ಅಲ್ವಾ ಅಂದ್ರು. ಸರಿಯಾಗೇ ಅಂದ್ರು. ತೀರ್ಮಾನ ಆಗೋವರೆಗೆ ಸೂಜಿ ಮುಟ್ಟಬೇಡ ಅಂದಿದ್ದಾರೆ."

ಅಷ್ಟು ಹೇಳಿ ಕೋಣೆಗೆ ಹೋದಳು. ದೊಡ್ಡಮ್ಮ ರಾತ್ರಿ ಮಲಗಿದ್ದಷ್ಟೇ, ಕಣ್ಣು ಮುಚ್ಚಲಿಲ್ಲ. ಬೆಳಗ್ಗೆ ಎದ್ದು ಕ್ಷೌರ ಮಾಡಿಕೊಂಡಳು, ಪೌಡರು ಹಾಕಲಿಲ್ಲ. ಕಾರ್ಖಾನೆಗೆ ರಜೆ ಹೇಳಿ ನೇರವಾಗಿ ಲ್ಯಾಬಿಗೆ ನಡೆದಳು.

ಕೌಂಟರಿನ ಹುಡುಗಿ, ಕೋಟಿನ ಮೂಟೆ ತರುವ ಗಾಡಿಯವನು, ಬೆಂಚುಗಳ ಮೇಲೆ ಕೂತ ಹತ್ತು ಹದಿನೈದು ಜನ, ಎಲ್ಲರ ಕಣ್ಣೂ ಒಮ್ಮೆಗೇ ತಿರುಗಿದಂತೆ ಅವಳಿಗೆ ಅನಿಸಿತು.  ಬಾಗಿಲಿನಿಂದ ವ್ಯವಸ್ಥಾಪಕರ ಕೋಣೆಯವರೆಗೆ ಇಪ್ಪತ್ತು ಹೆಜ್ಜೆ. ಹಿಂತಿರುಗಿ ಓಡಿದರೂ ಇಪ್ಪತ್ತೇ. ಮುಂದಕ್ಕೇ ನಡೆದು ಕದ ತಟ್ಟಿ, "ಒಳಗೆ ಬರಬಹುದಾ?" ಎಂದಳು.

"ಬನ್ನಿ ಸಾರ್, ಬನ್ನಿ" ಎಂದಿತು ಒಳಗಿನ ದನಿ.

ಅವಳು ಒಳಗೆ ಹೋದಳು. ಕಾಗದದಿಂದ ತಲೆಯೆತ್ತಿದ ವ್ಯವಸ್ಥಾಪಕನ ಮುಖ ಸುಟ್ಟ ಬಟ್ಟೆಯ ಬಣ್ಣಕ್ಕೆ ತಿರುಗಿತು. ಎದ್ದು ನಿಂತು ತಡವರಿಸಿದ.

"ಇರಲಿ, ಕೂತ್ಕೊಳ್ಳಿ. ಕೇಳಿದ್ದನ್ನೇ ನೀವು ಹೇಳಿದ್ರಿ" ಎಂದಳು ದೊಡ್ಡಮ್ಮ. "ಈ ದನಿಯ ವಿಷಯಕ್ಕೇ ಬಂದಿದ್ದು. ಆ ರಕ್ತ ನಂದು. ಹೆಸರು ಬರೀಬೇಡ ಅಂತ ಕೈ ಹಿಡಿದು ಅತ್ತವಳು ನಾನು. ಅವಳು ತಪ್ಪು ಮಾಡಿದ್ಲು, ಇಲ್ಲ ಅನ್ನಲ್ಲ. ಆದ್ರೆ ಅವಳು ಆ ತಪ್ಪು ಮಾಡದೇ ಇದ್ದಿದ್ರೆ ನಾನು ಇನ್ನೂ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡೇ ಇರ್ತಿದ್ದೆ. ಒಳಗಿರೋದು ಬೆಳೀತಾ ಇರ್ತಿತ್ತು. ಶಿಕ್ಷೆ ಕೊಡಿ. ಹೊಟ್ಟೆ ಮೇಲೆ ಮಾತ್ರ ಹೊಡೀಬೇಡಿ."

ಆತ ಕೆಟ್ಟವನಲ್ಲ, ಆದರೆ ಕರಗಿ ನೀರಾಗುವವನೂ ಅಲ್ಲ. ಯೋಚಿಸಿ ಹೇಳುತ್ತೇನೆ ಎಂದ. ವಾರದ ನಂತರ ಹೇಳಿದ: ಕೆಲಸ ಉಳಿಯಿತು, ಆದರೆ ಆರು ತಿಂಗಳು ಸೂಜಿ ಇಲ್ಲ, ಕೌಂಟರಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವ ಕೆಲಸ. "ಹೆಸರು ತಪ್ಪು ಬರೆದಿದ್ದಕ್ಕೆ ಹೆಸರು ಬರೆಯೋ ಶಿಕ್ಷೆ" ಎಂದು ಸೊಸೆ ಕಹಿಯಾಗಿ ನಕ್ಕಳು. ಆ ನಗುವಿನಲ್ಲಿ ನೋವಿತ್ತು. ಸೂಜಿಯೇ ಅವಳ ಹೆಮ್ಮೆಯಾಗಿತ್ತು.

ಶಸ್ತ್ರಚಿಕಿತ್ಸೆಯ ಹಿಂದಿನ ಮಧ್ಯಾಹ್ನ, ಆಸ್ಪತ್ರೆಯ ವಾರ್ಡಿನಲ್ಲಿ ಇಬ್ಬರೇ ಇದ್ದರು. ಮಗ ಔಷಧಿಯ ಅಂಗಡಿಗೆ ಹೋಗಿದ್ದ. ಹಾಸಿಗೆಯ ಮೇಲಿನ ಚಾದರವನ್ನು ದೊಡ್ಡಮ್ಮ ಅಭ್ಯಾಸಬಲದಿಂದ ಎರಡು ಬೆರಳಲ್ಲಿ ಉಜ್ಜಿ ನೋಡಿದಳು. ಗಂಜಿ ಸಾಲದು.

"ಆವತ್ತು ನೆಂಟರ ಮುಂದೆ ನಾನು ಹಾಗೆ ಅನ್ನಬಾರದಿತ್ತು" ಎಂದಳು.

ಸೊಸೆ ಕಿಟಕಿಯ ಕಡೆ ನೋಡುತ್ತಿದ್ದಳು. "ಏನನ್ನಬಾರದಿತ್ತು?"

"ನಿಂಗೆ ಗೊತ್ತು."

"ಗೊತ್ತು. ನಾಲ್ಕು ವರ್ಷದಿಂದ ದಿನಾ ಕನ್ನಡಿ ಮುಂದೆ ನಿಂತಾಗಲೆಲ್ಲ ಕೇಳಿಸುತ್ತೆ. ಆದ್ರೂ ನೀವೇ ಹೇಳಿ."

 ನಾಳೆ ಹೊಟ್ಟೆಗೆ ಹಾಕುವ ಕತ್ತರಿಗಿಂತ ದೊಡ್ಡಮ್ಮನಿಗೆ ಇದು ಕಷ್ಟವೆನಿಸಿತು. ಆದರೂ ಹೇಳಿದಳು. ಆ ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಪದವನ್ನೂ ಬಿಡದೆ, ತನ್ನ ಗಂಡುದನಿಯಲ್ಲೇ ಹೇಳಿದಳು. ಪಕ್ಕದ ಹಾಸಿಗೆಯವಳು ತಲೆಯೆತ್ತಿ ನೋಡಿದಳು. ಹೇಳಿ ಮುಗಿಸಿ, "ಎಂಥ ಮಾತು ಅದು! ತಪ್ಪಾಯ್ತು ಮಗಳೇ" ಎಂದಳು.

ಸೊಸೆಯ ಕಣ್ಣಿಂದ ನೀರು ಇಳಿಯಿತು. ಅವಳು ಅತ್ತೆಯನ್ನು ತಬ್ಬಿಕೊಳ್ಳಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. "ಸಂಜೆ ಆರರ ಮೇಲೆ ನೀರೂ ಕುಡಿಯೋ ಹಾಗಿಲ್ಲ. ಈಗಲೇ ಸ್ವಲ್ಪ ಕುಡೀರಿ" ಎಂದು ಲೋಟ ಮುಂದೆ ಹಿಡಿದಳು.

ಶಸ್ತ್ರಚಿಕಿತ್ಸೆ ಎರಡು ಗಂಟೆ ನಡೆಯಿತು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿ ಹತ್ತು ದಿನ ಕಾಯಬೇಕಿತ್ತು. ಆ ಹತ್ತು ದಿನ ಮನೆಯಲ್ಲಿ ಫೋನು ಬಡಿದಾಗಲೆಲ್ಲ ಮೂವರ ಎದೆಯೂ ಬಡಿಯುತ್ತಿತ್ತು. ಮಗ ಅಮ್ಮನ ಮುಂದೆ ಯಾವ ಗಾದೆಯನ್ನೂ ಹೇಳಲಿಲ್ಲ, ಮಾತಾಡುವ ಮುಂಚೆ ನಾಲಿಗೆಯ ಮೇಲೆ ಮೂರು ಸಲ ತೂಗುತ್ತಿದ್ದ. ಮೂರನೆಯ ದಿನ ದೊಡ್ಡಮ್ಮನೇ ರೇಗಿದಳು: "ಗಡ್ಡ ಬಂದಿದ್ದು ನಂಗೆ, ನಾಲಿಗೆ ಬಿದ್ದುಹೋಗಿದ್ದು ನಿಂಗಾ?"

ಹನ್ನೊಂದನೆಯ ದಿನ ವರದಿ ಬಂತು. ಸಾಧು ಗಡ್ಡೆ, ಬೇರೆಲ್ಲೂ ಹರಡಿಲ್ಲ. ಅಷ್ಟು ಹೊತ್ತಿಗಾಗಲೇ ರಕ್ತದಲ್ಲಿ ಆ ಹಾರ್ಮೋನು ಮಾಮೂಲಿ ಮಟ್ಟಕ್ಕೆ ಇಳಿದಿತ್ತು. ಮಗ ಕಾಗದವನ್ನು ಎರಡು ಸಲ ಗಟ್ಟಿಯಾಗಿ ಓದಿ, ಮೂರನೆಯ ಸಲ ಓದಲಾಗದೆ ಹೊರಗೆ ಹೋಗಿ ನಿಂತ.

ಎಲ್ಲವೂ ಹಿಂದಕ್ಕೆ ಬರಲಿಲ್ಲ. ಗದ್ದದ ಕೂದಲು ತೆಳುವಾಗುತ್ತ ಬಂದು, ಆರು ತಿಂಗಳಿಗೆ ರೇಜರು ಬಿಟ್ಟು ದಾರಕ್ಕೆ ಬಂದಿತು. ನೆತ್ತಿಯಲ್ಲಿ ಅಲ್ಲಲ್ಲಿ ಮರಿಗೂದಲು ಹುಟ್ಟಿತು. ದನಿ ಮಾತ್ರ ಬಾವಿಯಲ್ಲೇ ಉಳಿಯಿತು, ಅದು ಇನ್ನು ಮೇಲೇರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕಾರ್ಖಾನೆಗೆ ಹಿಂತಿರುಗಿದ ದಿನ ದೊಡ್ಡಮ್ಮ ಏನೂ ಮುಚ್ಚಲಿಲ್ಲ. ಊಟದ ಹೊತ್ತಿನಲ್ಲಿ ಎಲ್ಲರನ್ನೂ ಕೂರಿಸಿ ಹೀಗೆ ಹೀಗೆ ಎಂದು ಹೇಳಿದಳು. ಇಬ್ಬರು ಮುಖ ಮುಖ ನೋಡಿಕೊಂಡರು, ಒಬ್ಬ ಕಿಸಕ್ಕೆಂದ. ಗುಂಡಿ ಅವನ ತಲೆಗೆ ಮೊಟಕಿ, "ಇನ್ಮೇಲೆ ದೊಡ್ಡಮ್ಮ ಬೈದ್ರೆ ಗಾಡಿ ನಿಲ್ಲಿಸೋ ಜಾಗದವರೆಗೂ ಕೇಳುತ್ತೆ, ಹುಷಾರು" ಎಂದಳು. ಎಲ್ಲರಿಗಿಂತ ಮೊದಲು ನಕ್ಕಿದ್ದು ದೊಡ್ಡಮ್ಮನೇ. ನಗು ಮುಗಿದಮೇಲೆ ಮಾತ್ರ ಎದೆಯಲ್ಲಿ ಸಣ್ಣಗೆ ಉರಿದದ್ದು ಅವಳಿಗಷ್ಟೇ ಗೊತ್ತು.

ಅದಾಗಿ ಕೆಲವು ವಾರದ ಮೇಲೆ, ಒಂದು ಬೆಳಗ್ಗೆ, ಸೊಸೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ನಿಂತಳು. ತಿರುಗದೆಯೇ ಹೇಳಿದಳು:

"ಇವತ್ತು ನಂದಿದೆ, ಡಾಕ್ಟರ ಹತ್ರ. ಹೊಸ ಮಾತ್ರೆ ಶುರು ಮಾಡ್ತಾರೇನೋ. ಹತ್ತು ಗಂಟೆಗೆ."

ಆರು ವರ್ಷದಲ್ಲಿ ಅವಳು ಎಂದೂ ಹೀಗೆ ಹೇಳಿ ಹೋದವಳಲ್ಲ. ದೊಡ್ಡಮ್ಮ ಗಡಿಯಾರ ನೋಡಿದಳು. ಕಾರ್ಖಾನೆಯಲ್ಲಿ ಆಸ್ಪತ್ರೆಯ ಮೂಟೆಗಳು ಕಾದಿರುತ್ತವೆ.

"ನಾನೂ ಬರ್ಲಾ?" ಎಂದು ಕೇಳಿದಳು. "ಬೇಡ ಅಂದ್ರೆ ಬರಲ್ಲ."

ಸೊಸೆ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು.

"ಅಲ್ಲಿ ಬಹಳ ಕಾಯಿಸ್ತಾರೆ" ಎಂದಳು. "ನೀರಿನ ಬಾಟ್ಲಿ ತಗೊಳ್ಳಿ."